ತೆರೆಯದ ಬಾಗಿಲುಗಳ ಲೆಕ್ಕ

ಭಾನುವಾರ ಬೆಳಗಿನ ಮೊದಲ ಗೋಷ್ಠಿಗೆ
ಬಂದವರು ಒಂಬತ್ತೇ ಮಂದಿ.
ಮಿಕ್ಕ ವಿದ್ವಾಂಸರೆಲ್ಲ ರಾತ್ರಿ ಸೌನಾದಲ್ಲಿ ಬೆಂದು
ಹೋಟೆಲಿನ ಹಾಸಿಗೆಗಳಲ್ಲಿ ಇನ್ನೂ ಆರುತ್ತಿದ್ದರು.

ಮುಂದಿನ ಸಾಲಲ್ಲಿ ಕೂತು ರಟ್ಟು ಎತ್ತುವುದು ನನ್ನ ಕೆಲಸ:
ಐದು ನಿಮಿಷ. ಎರಡು. ಮುಗಿಯಿತು.
ಮೂರು ದಿನದಲ್ಲಿ ಎಂಥೆಂಥ ಪ್ರೊಫೆಸರುಗಳ ಬಾಯಿ ಕಟ್ಟಿದ್ದೇನೆ!
ಕೂಲಿ ಒಂದು ಅಂಗಿ, ದಿನಕ್ಕೆರಡು ಏಲಕ್ಕಿ ಬನ್ನು.

ಪಿಹ್ಲಾ ಕೊಸ್ಕೆಲಿನ್ ಎದ್ದಳು.
ಇದೇ ತಾಂಪೆರೆಯಲ್ಲಿ ಹುಟ್ಟಿ, ಇಲ್ಲೇ ಮರೆತುಹೋದ
ಒಂದು ಹಳೆಯ ವಿಡಿಯೋ ಗೇಮಿನ ಬೀದಿಗಳಲ್ಲಿ
ಎರಡು ಚಳಿಗಾಲ ಅಲೆದು
ಕಂಡ ಕಂಡ ಕದವನ್ನೆಲ್ಲ ತಟ್ಟಿದ್ದಾಳೆ:
ನಾಲ್ಕು ಸಾವಿರದ ನೂರ ಹನ್ನೆರಡು.
ತೆರೆದವು ಅರವತ್ತೊಂದು.
ಉಳಿದದ್ದು ಗೋಡೆಗೆ ಬಳಿದ ಬಣ್ಣ.
'ಮನೆಯಿಲ್ಲದ ಹೊಸ್ತಿಲು' ಎಂದಳು;
ಜೊತೆಗೊಂದು ಫ್ರೆಂಚ್ ಪದವನ್ನೂ.
ಅದನ್ನು ಇಬ್ಬರು ಬರೆದುಕೊಂಡರು.

ಕಿಟಕಿಯಾಚೆ ಹೆಪ್ಪುಗಟ್ಟಿದ ಸರೋವರ.
ಯಾರೋ ಮಂಜುಗಡ್ಡೆಗೆ ತೂತು ಕೊರೆದು
ಗಾಳ ಇಳಿಬಿಟ್ಟು ಕೂತಿದ್ದ.

ಪ್ರಶ್ನೆಗಳು?
ಹಿಂದಿನ ಸಾಲಲ್ಲಿ ಒಬ್ಬ ಮುದುಕ ಎದ್ದ,
ಕೊರಳಲ್ಲಿ ಬ್ಯಾಡ್ಜಿಲ್ಲ, ಕೈಯಲ್ಲಿ ಉಣ್ಣೆ ಟೋಪಿ.
'ಪ್ರಶ್ನೆಯಲ್ಲ,' ಎಂದ ಫಿನ್ನಿಶ್‌ನಲ್ಲಿ.
ನಾನು ಇಂಗ್ಲಿಷಿಗೆ ತಂದೆ. ಅಧ್ಯಕ್ಷರು ನಿಟ್ಟುಸಿರಿಟ್ಟರು.

'ಆ ಬಾಗಿಲು ಬರೆದವನು ನಾನು. ಯೋರ್ಮ ಅಂತ.
ಹತ್ತಿ ಗಿರಣಿಯ ಮೂರನೇ ಮಹಡಿಯಲ್ಲಿ ಆಫೀಸು,
ಬಾಗಿಲಿಗೆ ಇಂತಿಷ್ಟು ಕಾಸು.
ಮೀನುಪೇಟೆ ಬೀದಿ, ಎಡಕ್ಕೆ ಏಳನೆಯದು, ಹಸಿರು.
ಅದರ ಹಿಂದೆ ಅಡುಗೆಮನೆ ಇದೆ.
ಯಾರೂ ಮಾಡು ಅಂದಿರಲಿಲ್ಲ.
ಒಲೆ, ಮೇಜು, ಒಲೆಯ ಮೇಲಿನ ಕೋಲಿಗೆ
ಒಣಹಾಕಿದ ಕಾಲುಚೀಲ ಮೂರು.'

'ಮತ್ತೆ... ತೆರೆಯಲಿಲ್ಲ?' ಪಿಹ್ಲಾ.

'ತೆರೆದರೆ ಆಟ ನಿಧಾನವಾಗುತ್ತೆ ಅಂದರು, ಕದ ಜಡಿದರು.
ಒಳಗಿದ್ದದ್ದನ್ನು ಅಳಿಸಲು ಯಾರಿಗೂ ಪುರಸೊತ್ತಿರಲಿಲ್ಲ.'

ಅಭ್ಯಾಸಬಲ, ನನ್ನ ಕೈ ಕೆಂಪು ರಟ್ಟು ಎತ್ತಿಯೇಬಿಟ್ಟಿತ್ತು.
ತೊಡೆಯಡಿ ಇಟ್ಟು ಅದರ ಮೇಲೆ ಕೂತೆ.

ಆಮೇಲೆ ಕೋಟು ತೂಗುವಲ್ಲಿ ಕಂಡೆ:
ಒಂದೇ ತೋಳು ತೊಟ್ಟುಕೊಂಡು ಅವಳು,
ಕಾರ್ಯಕ್ರಮ ಪಟ್ಟಿಯ ಬೆನ್ನಿಗೆ ಕಿಟಕಿ ಬರೆಯುತ್ತ ಅವನು.
ಕಾಫಿ ಆರುತ್ತಿತ್ತು, ಇಬ್ಬರದೂ.

ಆ ರಾತ್ರಿ ನನ್ನ ಹಳೇ ಕಂಪ್ಯೂಟರಿಗೆ ಜೀವ ಬರಿಸಿ
ಮೀನುಪೇಟೆಗೆ ಹೋದೆ. ಎಡಕ್ಕೆ ಏಳು. ಹಸಿರು.
ಗುಂಡಿ ಒತ್ತಿದೆ.
'ಬೀಗ ಹಾಕಿದೆ' ಎಂದಿತು ಆಟ,
ಚಿಕ್ಕಂದಿನಲ್ಲಿ ಸಾವಿರ ಸಲ ಅಂದ ಹಾಗೆಯೇ.

ನಿಂತೇ ಇದ್ದೆ. ಆಗ ಹೊಳೆಯಿತು,
ಅನುವಾದದಲ್ಲಿ ನಾನು ಬರೀ 'ಕಾಲುಚೀಲ' ಎಂದುಬಿಟ್ಟಿದ್ದೆ.
ಮೂರು ಎನ್ನಲಿಲ್ಲ.
ಮೂರನೆಯದು ಯಾರದೆಂದು
ಯಾರೂ ಕೇಳಲೂ ಇಲ್ಲ.