ಹೆಸರಿನ ಪಕ್ಕದ ನಕ್ಷತ್ರ

ಬ್ಯಾಂಕಿನವರು ಹರಾಜಿಗಿಟ್ಟಾಗ ಕೊಂಡ ಕಂಪ್ಯೂಟರು,
ಹಸಿರು ಅಕ್ಷರ, ಕೆಮ್ಮುವ ಪಂಖ.
ಬಿಸ್ಕೀಟಿನ ಡಬ್ಬಿಯೊಳಗೆ ಮೋಡೆಮ್ಮು,
ಅದರಿಂದ ರೇಡಿಯೊಗೆ ಒಂದು ವಾಯರು,
ರೇಡಿಯೊದಿಂದ ತೆಂಗಿನ ಮರದ ತುದಿಗೆ ಇನ್ನೊಂದು.
ಕೋಡಿಬಾಗದ ಉಪ್ಪುಗಾಳಿ ಯಾವ ತಾಮ್ರವನ್ನೂ ಬಿಡದು.
ಭಾನುವಾರ ದೇವರ ಪಾತ್ರೆ ತಿಕ್ಕಿ ಉಳಿದ ಹುಣಸೆಹುಳಿಯಲ್ಲೇ
ಇದರ ಕಿಲುಬನ್ನೂ ತಿಕ್ಕುತ್ತೇನೆ.

ಒಂದು ಸಾಲು ಟೈಪಿಸಿ ಎಂಟರ್ ಒತ್ತಿದರೆ
ಝರ್ರ್ —
ಕಾದ ಕಾವಲಿಗೆ ನೊಗ್ಲಿ ಬಿದ್ದ ಸದ್ದು.
ಮಾಯಿ ಒಳಗಿಂದ ಕೇಳುತ್ತಾಳೆ:
ಏನೇ, ಇಷ್ಟು ಹೊತ್ತಿಗೆ ಏನು ಹುರಿಯುತ್ತಿದ್ದೀ?
ಮಾತು, ಮಾಯಿ. ಮಾತು ಹುರಿಯುತ್ತಿದ್ದೇನೆ.

ಆ ಕಡೆಯವನಿಗೆ ಮುಟ್ಟಿದರೆ ‘ಬಂತು’ ಎನ್ನುತ್ತಾನೆ.
ಅವನಲ್ಲ, ಅವನ ಯಂತ್ರ.
ಒಂದಕ್ಷರ ಕೆಟ್ಟಿದ್ದರೂ ಇಡೀ ಕಂತೆಯನ್ನು ಎಸೆದು
ಸುಮ್ಮನೆ ಕೂರುತ್ತದೆ;
ಅರ್ಧ ಕೇಳಿ ಅರ್ಧ ಊಹಿಸುವ ಅಭ್ಯಾಸ ಅದಕ್ಕಿಲ್ಲ.
ನನ್ನದು ಮತ್ತೆ ಕಳಿಸುತ್ತದೆ. ಮತ್ತೆ.
ಹತ್ತು ಸಲ. ಹತ್ತಾದ ಮೇಲೆ ಮಾತ್ರ ಕೈಚೆಲ್ಲುತ್ತದೆ.
ಮನುಷ್ಯರ ವಿಷಯದಲ್ಲಿ ನಾನು ಎರಡಕ್ಕೇ ಬಿಟ್ಟವಳು.

ವಾಸ್ಕೋದ ಎವರಿಸ್ತೊ ನನಗೆ ನೇರ ಸಿಗುವುದಿಲ್ಲ, ನಡುವೆ ಗುಡ್ಡ.
ಗುಡ್ಡದ ಮೇಲೆ, ಸದಾಶಿವಗಡದ ಏರಿನಲ್ಲಿ,
ದಾಮು ಕಲ್ಗುಟಕರನ ಮನೆ.
ನನ್ನ ಕಂತೆ ಕಾಳಿ ನದಿ ದಾಟಿ, ಅವನ ಏರಿಯಲ್ಲು ಹತ್ತಿ,
ಅಲ್ಲಿಂದ ಗೋವೆಗೆ ಜಿಗಿಯಬೇಕು.
ಜಿಗಿದದ್ದಕ್ಕೆ ಸಾಕ್ಷಿ, ಪರದೆಯಲ್ಲಿ
ಅವನ ಕರೆಹೆಸರಿನ ಪಕ್ಕ ಒಂದು ಪುಟ್ಟ ನಕ್ಷತ್ರ.

ಆಗ ದಾಮುವೂ ನಾನೂ ಮಾತು ಬಿಟ್ಟು ಐದು ತಿಂಗಳು.
ಬೈತಖೋಲದ ಚಹಾದಂಗಡಿ, ಟ್ರಾಲರಿನ ಹುಡುಗರೆದುರು
“ಸುಮತಿಬಾಯಿಯ ಬೆಸುಗೆ ನೋಡಲಿಕ್ಕೆ ಚೆಂದ” ಅಂದಿದ್ದ.
ಅಷ್ಟೇ. ಎಲ್ಲರೂ ನಕ್ಕರು.
ಮನೆಗೆ ಬಂದು ಡಬ್ಬಿ ಬಿಚ್ಚಿದೆ:
ಮೂರನೆಯ ಕಾಲು, ಉಗುರು ತಾಗಿಸಿದರೆ ಅಲುಗಿತು.
ಅವನು ಹೇಳಿದ್ದು ಸರಿ ಇತ್ತು.
ಅದನ್ನೇ ಕ್ಷಮಿಸಲಾಗಲಿಲ್ಲ.

ಮೀನುಪೇಟೆಯಲ್ಲಿ ಎದುರಾದರೆ ಅವನು ಇಸವಾಣ ನೋಡುತ್ತಿದ್ದ,
ನಾನು ತಕ್ಕಡಿ.
ರಾತ್ರಿ ಒಂಬತ್ತಕ್ಕೆ ಎವರಿಸ್ತೊಗೆ ಬರೆಯುತ್ತಿದ್ದೆ:
ಇಲ್ಲಿ ಸೆಕೆ. ನಿಮ್ಮಲ್ಲಿ?
ನಕ್ಷತ್ರ.
ನನ್ನನ್ನು ಹೊರಗಿಡಲು ಅವನಿಗೆ ಒಂದು ಆಜ್ಞೆ ಸಾಕು,
ಏಳೆಂಟು ಅಕ್ಷರ.
ಒತ್ತಿರಲಿಲ್ಲ.
ಮರೆತಿದ್ದಾನೋ, ಅಥವಾ —
ಆ ‘ಅಥವಾ’ಕ್ಕಾಗಿಯೇ ಎಷ್ಟೋ ರಾತ್ರಿ
ಹೇಳಲು ಏನೂ ಇಲ್ಲದೆಯೂ ಎವರಿಸ್ತೊಗೆ ಬರೆದೆ.
ಪಾಪ, ಅವನಿಗೆ ಕಾರವಾರದ ಸೆಕೆಯ ಇಂಚಿಂಚೂ ಗೊತ್ತು.

ಮೇ ಕೊನೆಯ ಗಾಳಿ. ಕರೆಂಟು ಹೋಗಿ ಬಂತು.
ಟೈಪಿಸಿದೆ. ಝರ್ರ್. ಒಂದು. ಎರಡು.
ಹತ್ತು.
ಸಂಪರ್ಕವಿಲ್ಲ, ಅಂದಿತು ಪರದೆ.
ಇನ್ನೂ ಹತ್ತು.
ಸೀದು ಹೋದೀತೇ, ಸಾಕು ಮಾಡು, ಅಂದಳು ಮಾಯಿ.

ಸೈಕಲ್ ಹತ್ತಿದೆ. ಸೇತುವೆಯ ಮೇಲೆ ಗಾಳಿ ಅಡ್ಡ,
ಅರ್ಧ ದಾರಿ ಇಳಿದು ತಳ್ಳಿದೆ.
ದಾಮು ಹಂಚಿನ ಮೇಲಿದ್ದ.
ತೊಡೆಯ ಮೇಲೆ ಮುರಿದ ಕೊಡೆಯ ಹಾಗೆ ಏರಿಯಲ್ಲು.
ನನ್ನನ್ನು ನೋಡಿ ಆಶ್ಚರ್ಯವನ್ನೂ ಪಡಲಿಲ್ಲ.
“ಏಣಿ ಹಿಡಿ” ಅಂದ.
ಹಿಡಿದೆ.
ತುಸು ಹೊತ್ತು ಬಿಟ್ಟು, ಮೇಲಿಂದಲೇ:
“ಬೆಸುಗೆ ಕಡ್ಡಿ ತಂದೆಯಾ?”

ತಂದಿದ್ದೆ.
ಆದರೆ ಗಡದ ಕಡೆ ಕರೆಂಟು ಇನ್ನೂ ಬಂದಿರಲಿಲ್ಲ,
ಕಡ್ಡಿ ಕಾಯುವಂತಿರಲಿಲ್ಲ.
ಕತ್ತಲಲ್ಲಿ ಕಟ್ಟೆಯ ಮೇಲೆ ಕೂತು
ನಾವೇ ಕಾದೆವು.