ತವರ

ಸಿತ್ರಾದ ನಮ್ಮ ವರ್ಕ್‌ಶಾಪಿನಲ್ಲಿ ಎಸಿ ಇರುವುದು
ಆಫೀಸಿಗೆ, ಮತ್ತೆ ಅಳತೆಯ ಕೋಣೆಗೆ.
ಮೈಕ್ರೋಮೀಟರಿಗೆ ಸೆಕೆ ಆಗಬಾರದು.
ನಮಗೆ ಕುಲುಮೆ, ಆಗಸ್ಟು, ಒದ್ದೆ ಟವೆಲ್ಲು.

ಬಂದದ್ದು ಸಮುದ್ರದ ನೀರು ಸಿಹಿ ಮಾಡುವ ಪ್ಲಾಂಟಿನ ಬೇರಿಂಗು,
ಉದ್ದಕ್ಕೆ ಸೀಳಿದ ಬಿದಿರಿನ ಹಾಗೆ ಎರಡು ಹೋಳು.
ಕರೆಂಟು ಹೋಗಿತ್ತಂತೆ, ಎಣ್ಣೆಯ ಪಂಪೂ ನಿಂತಿತಂತೆ.
ಶಾಫ್ಟು ಮಾತ್ರ ತನ್ನ ಭಾರಕ್ಕೆ ತಾನೇ ತಿರುಗುತ್ತ
ನಾಲ್ಕು ನಿಮಿಷ, ಒಣಗಿದ ಬಾಯಲ್ಲಿ.
ಒಳಮೈಯ ಬಿಳಿಲೋಹ ಬೆರಳಲ್ಲಿ ಒರೆಸಿದ ಬೆಣ್ಣೆಯಂತೆ
ಒಂದು ಮಗ್ಗುಲಿಗೆ ಸರಿದು ಹೆಪ್ಪುಗಟ್ಟಿದೆ.
ಶಾಫ್ಟಿಗೆ ಗೀರೂ ಇಲ್ಲ.

ಉಸ್ತಾದ್ ನಿಯಾಮತ್ ಮಸೀಹ್ ದಾಸ್ಕಾದವರು,
ಅವರ ಉರ್ದು ನನ್ನ ಕಿವಿಗೆ ಇಳಿಯುವುದು
ಶಹಾಬಾದಿನ ಕನ್ನಡವಾಗಿಯೇ:
"ಎರಡರಾಗ ಒಂದು ಮೆತ್ತಗ ಇರಬೇಕು.
ಮೆತ್ತಗಿದ್ದದ್ದು ಮತ್ತ ಎರಕ ಹೊಯ್ಯಲಿಕ್ಕ ಬರತದ."

ತವರ ನೂರಕ್ಕೆ ಎಂಬತ್ತೊಂಬತ್ತು, ಚೂರು ತಾಮ್ರ,
ಉಳಿದದ್ದು ಆಂಟಿಮನಿ, ಸುರುಮದ ಸೋದರ.
ಕರಗಿಸುವ ಮೊದಲು ಹಳೆಯದರ ಒಂದು ಚಕ್ಕೆ
ತೆಗೆದಿಟ್ಟುಕೊಂಡೆ. ಭೂತಗನ್ನಡಿಯಲ್ಲಿ ನೋಡಿದರೆ
ಶಮಾಲ್ ಗಾಳಿಯ ಮರಳು, ಕಾಳು ಕಾಳಾಗಿ ಒಳಗೆ ಹೂತು.
ಗಟ್ಟಿ ಲೋಹವಾಗಿದ್ದರೆ ಒಂದೊಂದನ್ನೂ
ಶಾಫ್ಟಿನ ಮೈಗೇ ಉಜ್ಜುತ್ತಿತ್ತು.
ಇದು ನುಂಗಿಕೊಂಡು ಸುಮ್ಮನಿತ್ತು, ಎಷ್ಟು ವರ್ಷವೋ.

ಕರಗಿದ ಲೋಹಕ್ಕೆ ಕಟ್ಟಿಗೆಯ ಚೂರು ಅದ್ದಿ ತೆಗೆದರು.
ಕಂದಾಯಿತು, ಹೊತ್ತಿಕೊಳ್ಳಲಿಲ್ಲ. ಹದ.
ಒಂದೇ ಧಾರೆ, ಉಸಿರು ಹಿಡಿದು.
ಆರಿದ ಮೇಲೆ ರಾತ್ರಿಯಿಡೀ ಸೀಮೆಎಣ್ಣೆಯಲ್ಲಿ ಮುಳುಗಿಸಿ
ಬೆಳಿಗ್ಗೆ ಒರೆಸಿ, ಅಂಚಿಗೆಲ್ಲ ಸೀಮೆಸುಣ್ಣ ಬಳಿದೆವು
(ಎರಡೂ ಸೀಮೆಯವು, ನಮ್ಮ ಹಾಗೆ).
ಲೋಹ ಚಿಪ್ಪಿಗೆ ಅಂಟದೆ ಎಲ್ಲಿ ಬಿರುಕಿದೆಯೋ
ಅಲ್ಲಿ ಸುಣ್ಣ ಒದ್ದೆಯಾಗಿ ಚಾಡಿ ಹೇಳುತ್ತದೆ.
ಹೇಳಲಿಲ್ಲ.
ನನಗೆ ಬೇಕಾದ ಯಾರನ್ನೂ ನಾನು
ಈ ಪರೀಕ್ಷೆಗೆ ಒಡ್ಡಲಾರೆ.

ಆಮೇಲೆ ಹೆರೆಯುವುದು. ಶಾಫ್ಟಿಗೆ ನೀಲಿ ಹಚ್ಚಿ ಇಟ್ಟು ತಿರುಗಿಸಿದರೆ
ಎತ್ತರವಿದ್ದಲ್ಲಷ್ಟೇ ನೀಲಿ ಕೂರುತ್ತದೆ.
ಅದನ್ನು ಹೆರೆ. ಮತ್ತೆ ನೀಲಿ. ಮತ್ತೆ ಹೆರೆ.
ಮಧ್ಯಾಹ್ನದ ಹೊತ್ತಿಗೆ ಚುಕ್ಕಿಗಳು ಒತ್ತಾದವು.

"ಓಡೋ ಮುಂದ ಸವಿಯಂಗಿಲ್ಲೋ ಶಾಬಾದಿ.
ಓಡೋ ಮುಂದ ಶಾಫ್ಟು ಎಣ್ಣಿ ಮ್ಯಾಲ ತೇಲತದ.
ಕೂದಲಾ ಮೂರು ಸೀಳು ಮಾಡು, ಒಂದು ಸೀಳಿನಷ್ಟು ಎಣ್ಣಿ.
ಲೋಹಕ್ಕ ಲೋಹ ಮುಟ್ಟಂಗೇ ಇಲ್ಲ.
ಸವಿಯೂದು ಸುರು ಆಗೂವಾಗ. ನಿಂದ್ರೂವಾಗ."

ಸ್ಕ್ರೇಪರಿನ ಬಾಯಿ ಹೆಬ್ಬೆರಳಲ್ಲಿ ಸವರಿ ನೋಡುತ್ತ:
"ರಜಾನೂ ಹಂಗೇ. ಎರಡು ವರ್ಷಕ್ಕ ಎರಡು ತಿಂಗಳು.
ಮೊದಲನೇ ವಾರ ಮಗಳು ಬೀಗರಿಗೆ ಕೊಟ್ಟಂಗ
ಬಸಿ ಮ್ಯಾಲ ಕಪ್ಪಿಟ್ಟು ಚಾ ಕೊಡತಾಳ.
ಸಕ್ಕರಿ ಡಬ್ಬಿ ಎಲ್ಲಿ ಅದ ನನಗ ಗೊತ್ತಿಲ್ಲ, ಕೇಳಲಿಕ್ಕ ನಾಚಿಕಿ.
ಕಡೀ ವಾರ ಸೂಟ್‌ಕೇಸಿನ ತೂಕದ ಮ್ಯಾಲ ಜಗಳ.
ನಡುವಿನ ಆರು ವಾರ ತೇಲತೀವಿ."

ನಾನು ಸೀಸದ ತಂತಿ ಇಟ್ಟು ಬೋಲ್ಟು ಬಿಗಿದು, ಬಿಚ್ಚಿ,
ಚಪ್ಪಟೆಯಾದ ತಂತಿಯನ್ನು ಅಳೆದೆ.
ಇಪ್ಪತ್ತು. ಬೇಕಾದಷ್ಟೇ ಸಂದು.
ನನ್ನ ರಜೆಗೆ ಇನ್ನೂ ಹನ್ನೊಂದು ತಿಂಗಳು.

ತವರ, ತವರು. ಬರೆದರೆ ಒಂದು ಕೊಂಬಿನ ಅಂತರ.
ತವರು ಹೆಂಗಸರದ್ದು ಅನ್ನುತ್ತಾರೆ.
ನಮ್ಮ ಪಾಳಿಯ ಹನ್ನೆರಡು ಗಂಡಸರನ್ನು
ಯಾರೂ ಕೇಳಿದ ಹಾಗಿಲ್ಲ.

ಗ್ರೀಸು ಕಾಗದ ಸುತ್ತಿ ಪೆಟ್ಟಿಗೆಗೆ ಹಾಕಿ ಚೀಟಿ ಬರೆದೆ:
ಮೊದಲು ಎಣ್ಣೆ. ಆಮೇಲೆ ತಿರುಗಿಸಿ.
ಅಲ್ಲಿ ಓದುವವರು ಯಾರೋ. ಪಿಕಪ್ಪಿನ ಹುಡುಗನಿಗೆ
ಬಾಯಲ್ಲೂ ಹೇಳಿದೆ, ಅವನು ಇಯರ್‌ಫೋನ್ ತೆಗೆಯಲಿಲ್ಲ.

ಗುರುವಾರ ಪಂಪು ಚಾಲೂ ಆಗುತ್ತದೆ.
ಮೊದಲ ಅರ್ಧ ಸುತ್ತು ತಾಗಿಯೇ ತಾಗುತ್ತದೆ, ಎಷ್ಟೇ ಹೆರೆದರೂ.

ಸಂಜೆ ಕ್ಯಾಂಪಿನ ನಲ್ಲಿಯಲ್ಲಿ ಕೈ ತೊಳೆದೆವು,
ಉಸ್ತಾದರು ಮೊದಲು, ಆಮೇಲೆ ನಾನು.
ಬಿಸಿ ನೀರು, ಅಷ್ಟೇನೂ ಸಿಹಿಯಲ್ಲ.
ಉಗುರಿನೊಳಗಿನ ನೀಲಿ ಹೋಗಲಿಲ್ಲ.