ಒಳಮಡಿಕೆ

ಝೊಂಗುಲ್ದಾಕಿನ ಬಂದರು ಬೀದಿಯಲ್ಲಿ ನನ್ನದು
ಒಂದೂವರೆ ಯಂತ್ರದ ಅಂಗಡಿ.
ಆ ಅರ್ಧ, ಕಾಜಾ ಹೊಲಿಯುತ್ತಿತ್ತು ಒಂದು ಕಾಲಕ್ಕೆ.

ಸಾತಿಲ್ಮಿಷನ ಅಳತೆ ನಮ್ಮ ಪುಸ್ತಕದಲ್ಲಿ
ಮೂವತ್ತೊಂದು ವರ್ಷದಿಂದ ಇದೆ.
ಮೊದಲ ಪುಟ ಅಪ್ಪನ ಅಕ್ಷರ:
ಎದೆ ನೂರಾ ನಾಲ್ಕು. ಬೆನ್ನು ನೆಟ್ಟಗೆ.
ಎಡಭುಜ ಕೊಂಚ ಇಳಿಜಾರು, ಗಣಿಯವನು.

ಅವನಿಗಿಂತ ಮೊದಲು ಹುಟ್ಟಿದ ಮೂರೂ ಉಳಿಯಲಿಲ್ಲವಂತೆ.
ಸಾವಿಗೆ ಲೆಕ್ಕ ತಪ್ಪಲೆಂದು ಕೂಸನ್ನು
ಸಂತನ ಗೋರಿಗೆ ಮಾರಿದರು, ಹೆಸರೂ ಅದೇ ಇಟ್ಟರು:
ಮಾರಾಟವಾದವನು.
ಹದಿನೇಳಕ್ಕೆ ಗಣಿ ಮತ್ತೆ ಕೊಂಡುಕೊಂಡಿತು.
'ಎರಡು ಸಲ ಮಾರಿದ ಮಾಲು ನಾನು, ವಾಪಸ್ಸಿಲ್ಲ'
ಅನ್ನುತ್ತಾನೆ, ನಗುವನ್ನು ಅರ್ಧಕ್ಕೇ ಹಿಡಿದು.
ಪೂರ್ತಿ ಬಿಟ್ಟರೆ ನಗು ಕೆಮ್ಮಾಗುತ್ತದೆ.
ಕೆಮ್ಮು ಪೂರ್ತಿ ಬಿಟ್ಟರೆ

ಕಳೆದ ಫೆಬ್ರವರಿಯಂತೆ ಆಗುತ್ತದೆ.
ಶೆರಿಫೆ ಹಮ್ಸಿ ಮೀನು ಕರಿಯುತ್ತಿದ್ದಳು, ಎಣ್ಣೆಹೊಗೆ.
ಕೆಮ್ಮಿದ. ಅಷ್ಟೇ, ಬಿದ್ದಿಲ್ಲ, ಎತ್ತಿಲ್ಲ.
ಬೆನ್ನೊಳಗೆಲ್ಲೋ ಒಣ ರೊಟ್ಟಿ ಮುರಿದಂತೆ ಸದ್ದು.
'ಗಣಿಯಲ್ಲಿ ಆನಿಕೆಯ ಮರ ಬೀಳುವ ಮುಂಚೆ ನರಳುತ್ತದೆ,
ಓಡು ಅನ್ನುತ್ತದೆ.
ಎಲುಬಿಗೆ ಆ ಮರ್ಯಾದೆ ಇಲ್ಲ, ಉಸ್ತಾ.'

ಇತ್ತೇನೋ. ನರಳಿದ್ದು ನನ್ನ ಮುಂದೆಯೇ, ಟೇಪಿನ ಮೇಲೆ.
ನಾಲ್ಕು ಚಳಿಗಾಲದಿಂದ ಅವನ ಕೋಟು
ಹಿಂದೆ ಏರುತ್ತಿತ್ತು, ಮುಂದೆ ಜೋಲುತ್ತಿತ್ತು.
ಹಿಂದೆ ಎರಡು ಬೆರಳು ಇಳಿಸಿದೆ,
ಮುಂದೆ ಮೂರು ಬೆರಳು ಮಡಿಸಿದೆ.
ಪ್ಯಾಂಟಿನ ಕಾಲು ಮಾತ್ರ ಅಂದಿನದೇ ಉದ್ದ.
ಕಾಲು ಕುಗ್ಗದ ಮನುಷ್ಯ ಕುಳ್ಳಗಾಗುವುದು ಎಲ್ಲಿಂದ?
ಕೇಳಿಕೊಳ್ಳಲಿಲ್ಲ. ಪಕ್ಕೆಲುಬು ಬೆಲ್ಟಿಗೆ ತಾಗುತ್ತದೆ ಅಂದಾಗ
ಹೊಸ ತೂತು ಹೊಡೆದುಕೊಟ್ಟೆ.
ಹದಿನೈದು ಲಿರಾ ತೆಗೆದುಕೊಂಡೆ ಅದಕ್ಕೆ.

ಆಸ್ಪತ್ರೆಯಲ್ಲಿ ಅವನ ಎದೆಯ ಚಿತ್ರಗಳು ಒಂದು ಕಟ್ಟು ಇವೆ.
ಎಲ್ಲರೂ ಪುಪ್ಪುಸ ನೋಡಿದರು: ಇಲ್ಲಿ ಧೂಳು, ಇಲ್ಲಿ ಹೊಗೆ.
ಅದೇ ಹಾಳೆಯಲ್ಲಿ, ಪುಪ್ಪುಸದ ಹಿಂದೆ,
ಬೆನ್ನುಮೂಳೆ ನಿಂತೇ ಇತ್ತು ಸರದಿಯಲ್ಲಿ, ಕರೆಯಲಿಲ್ಲ ಯಾರೂ.
ದಿಯಾರ್‌ಬಕೀರಿನಿಂದ ಬಂದ ಹುಡುಗಿ ಡಾಕ್ಟರು, ಬೆರ್ಫಿನ್,
ಹಳೆಯ ಹಾಳೆಗಳನ್ನೂ ಕಿಟಕಿಗೆ ಹಿಡಿದಳಂತೆ:
ಮೂರು ಮಣಿ ಚಪ್ಪಟೆ. ಒಂದು ಫೆಬ್ರವರಿಯದು.
ಇನ್ನೆರಡು ಯಾವಾಗಿನವು?
ಅವನಿಗೂ ಗೊತ್ತಿಲ್ಲ. ಎದೆನೋವೆಂದು ನುಂಗಿದ್ದ.

ಪ್ರತಿ ಚಳಿಗೆ ಉಸಿರು ಕಟ್ಟಿದಾಗ ಕೊಟ್ಟ ಬಿಳಿ ಮಾತ್ರೆ
ಎದೆಯ ಬಾಗಿಲು ತೆರೆಯುತ್ತಿತ್ತು, ಸುಳ್ಳಲ್ಲ,
ಬಾಡಿಗೆಯನ್ನು ಬೆನ್ನಿನಿಂದ ವಸೂಲು ಮಾಡುತ್ತಿತ್ತು.
ಬಾಗಿದ ಬೆನ್ನು ಈಗ ಎದೆಯ ಮೇಲೇ ಕೂತಿದೆ.
ಒಂದು ಮೊಳ ಮೆಟ್ಟಿಲಿಗೆ ಎರಡು ಸಲ ನಿಲ್ಲುತ್ತಾನೆ.

ಈಗ ವಾರಕ್ಕೊಂದು ಬೇರೆ ಮಾತ್ರೆ.
ಬರಿಹೊಟ್ಟೆಯಲ್ಲಿ, ಒಂದು ಲೋಟ ನೀರಿನಲ್ಲಿ,
ನುಂಗಿದ ಮೇಲೆ ಅರ್ಧ ಗಂಟೆ ನೆಟ್ಟಗೆ ಕೂರಬೇಕು.
ನೆಟ್ಟಗೆ! ಚೀಟಿ ಬರೆದವಳಿಗೂ ನಗು ಬಂತಂತೆ, ಪಾಪ.
ಅವನ ಮನೆಯಲ್ಲಿರುವುದೆಲ್ಲ ಮೆತ್ತನೆ ದಿವಾನು.
ಹಾಗಾಗಿ ಮಂಗಳವಾರ ಬೆಳಿಗ್ಗೆ ನನ್ನಲ್ಲಿಗೆ,
ಅಪ್ಪನ ಕತ್ತರಿ ಕುರ್ಚಿಗೆ.
ಗಡಿಯಾರ ನಾನು ನೋಡುತ್ತೇನೆ.
ಚಹಾ ಅಲ್ಲಿಯವರೆಗೆ ಇಲ್ಲ, ನನಗೂ ಇಲ್ಲ.
ಕಲ್ಲಿದ್ದಲ ಹಡಗೊಂದು ಕೂಗುತ್ತದೆ, ಈಗ ಹೊರಗಿನಿಂದ ತರುವ ಕಲ್ಲಿದ್ದಲು.
ಅದಕ್ಕೆ ಅವನು ಬೈಯುತ್ತಾನೆ, ಸಣ್ಣ ಸಣ್ಣ ಕಂತಿನಲ್ಲಿ.

ಈ ಸಲ ಕೋಟು ಮತ್ತೆ ತಂದ.
ಮುಂದಿನ ಬಟ್ಟೆಗೆ ಕತ್ತರಿ ಇಡಲು ಹೋದೆ.
'ಕತ್ತರಿಸಬೇಡ. ಮಡಿಸಿ ಹೊಲಿ.'
ಯಾಕೆ?
'ಬಟ್ಟೆ ಒಳ್ಳೆಯದು. ನಾಳೆ ಯಾರಾದರೂ ಉದ್ದನೆಯವರು ತೊಡಲಿ.'

ಮಡಿಸಿದೆ. ಹದಿನೆಂಟು ನಿಮಿಷ ಆಗಿತ್ತು.
ಸೂಜಿಯ ಕಣ್ಣಿಗೆ ದಾರ ಸಿಗಲೊಲ್ಲದು,
ಕೊಡು ಇಲ್ಲಿ ಅಂದ,
ಉಸಿರು ಬಿಗಿಹಿಡಿದು ಒಂದೇ ಸಲಕ್ಕೆ ಪೋಣಿಸಿದ.